“ಯೋಚನೆ ಏನೂ ಇಲ್ಲ ಕಣವ್ವ” ಅನ್ನುವವರಿಗೆ ಸಿಬಿಟಿ ಹೇಗೆ ಮಾಡ್ತೀರಿ?

ರಾಗಿಹೊಲ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಕ್ಲಿನಿಕಲ್ ಸೈಕಾಲಜಿ ಓದು ಮುಗಿಸಿ ಎರಡು ವರ್ಷ ಆಯ್ತು. ವಾರದಲ್ಲಿ ಎರಡು ದಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೂರ್ತೀನಿ. ಒಂದು ಕೇಸಿನಲ್ಲಿ ಮುಂದೆ ಹೋಗೋಕಾಗದೆ ನಿಂತಿದೀನಿ, ಅದಕ್ಕೇ ಬರೀತಿರೋದು. ಗುರುತು ಸಿಗದ ಹಾಗೆ ವಿವರಗಳನ್ನ ಬದಲಾಯಿಸಿದೀನಿ.

ಐವತ್ತು ದಾಟಿದ ಹೆಣ್ಣುಮಗಳು. ರೇಷ್ಮೆ ಹುಳ ಸಾಕುವ ಮನೆ. ಎದೆ ಉರಿ, ತಲೆ ಬಿಸಿ, ಕೈಕಾಲು ಸೆಳೆತ. ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಹತ್ತಲ್ಲ. “ಗ್ಯಾಸ್ ತಲೆಗೆ ಏರುತ್ತೆ” ಅಂತಾರೆ. ಇಸಿಜಿ, ಎಂಡೋಸ್ಕೋಪಿ ಎಲ್ಲ ಮುಗಿದಿದೆ, ಏನೂ ಸಿಕ್ಕಿಲ್ಲ. ವೈದ್ಯರು ಖಿನ್ನತೆ ಅಂತ ಮಾತ್ರೆ ಶುರು ಮಾಡಿ ನನ್ನ ಹತ್ರ ಕಳಿಸಿದ್ರು.

ನಾನು ಕಲಿತ ಹಾಗೇ ಸಿಬಿಟಿ ಶುರು ಮಾಡಿದೆ, ಅಂದ್ರೆ ಯೋಚನೆ, ನಡವಳಿಕೆ ಬದಲಾಯಿಸಿ ಮನಸ್ಸಿನ ಕಷ್ಟ ಕಡಿಮೆ ಮಾಡುವ ಮಾತಿನ ಚಿಕಿತ್ಸೆ. “ಎದೆ ಉರಿ ಬಂದ ಹೊತ್ತಿಗೆ ಮನಸ್ಸಲ್ಲಿ ಯಾವ ಯೋಚನೆ ಇತ್ತಮ್ಮ?” ಅಂತ ಕೇಳಿದೆ. “ಯೋಚನೆ ಏನೂ ಇಲ್ಲ ಕಣವ್ವ. ದೇವರು ಎಲ್ಲಾ ಕೊಟ್ಟವ್ನೆ” ಅಂದ್ರು. ನಾಲ್ಕು ಸೆಷನ್ನಲ್ಲೂ ಇದೇ ಉತ್ತರ. ಯೋಚನೆ ಬರೆದಿಡುವ ಏಳು ಕಾಲಂನ ಹಾಳೆಯನ್ನ ಕನ್ನಡ ಮಾಡಿ ಕೊಟ್ಟಿದ್ದೆ. ಮುಂದಿನ ವಾರ ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡು ತಂದ್ರು. ಎಲ್ಲ ಕಾಲಂ ತುಂಬಿತ್ತು, ಏಳನೇ ಕ್ಲಾಸಿನ ಮೊಮ್ಮಗಳ ಅಕ್ಷರ. ಪ್ರತಿ ಸಾಲಿನ ಕೊನೆಗೆ “ಒಳ್ಳೆಯದನ್ನೇ ಯೋಚಿಸಬೇಕು” ಅಂತ ಇತ್ತು.

ಆಕೆ ಎರಡು ಬಸ್ ಬದಲಾಯಿಸಿ ಬರ್ತಾರೆ. ಒಂದು ದಿನವೂ ತಪ್ಪಿಸಿಲ್ಲ. ನಾನು ಅವರಿಗೆ ಏನೂ ಕೊಡ್ತಿಲ್ಲ ಅನ್ನೋ ಸಂಕಟ ನನಗೆ. ಇಂಥವರ ಜೊತೆ ಸಿಬಿಟಿ ಆಗುತ್ತಾ? ಆಗೋದಾದ್ರೆ ಎಲ್ಲಿಂದ ಶುರು ಮಾಡಬೇಕು?

ಹಳೇಬೀದಿ_ಅಕ್ಕ · ಸೋಮವಾರ ರಾತ್ರಿ

ರಾಗಿಹೊಲ, ಆ ತಾಯಿ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾರೆ. ಬದಲಾಗಬೇಕಾದ್ದು ಪ್ರಶ್ನೆ.

ನಮ್ಮ ಆಡುಮಾತಿನಲ್ಲಿ ‘ಯೋಚನೆ’ ಎಂದರೆ ಚಿಂತೆ. “ಮಗಳ ಮದುವೇದೇ ಯೋಚನೆ”, “ಯೋಚನೆ ಮಾಡಬೇಡ, ಎಲ್ಲ ಸರಿಹೋಗುತ್ತೆ” ಎನ್ನುತ್ತೇವಲ್ಲ. ಹಾಗಾಗಿ “ಯಾವ ಯೋಚನೆ ಇತ್ತು” ಎಂದಾಗ ಆಕೆಗೆ ಕೇಳಿಸಿದ್ದು “ನಿಮಗೆ ಮನೆಯಲ್ಲಿ ಏನು ಕಷ್ಟ” ಎಂದು. ಒಬ್ಬ ಅಪರಿಚಿತ ಹುಡುಗಿಯ ಮುಂದೆ ಮನೆಯ ಮಾನ ಕಾಯುವ ಹೆಂಗಸು ಇನ್ನೇನು ಹೇಳಬೇಕು? ದೇವರು ಎಲ್ಲ ಕೊಟ್ಟಿದ್ದಾನೆ ಎಂದೇ ಹೇಳಬೇಕು.

ಆರನ್ ಬೆಕ್ 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಈ ಚಿಕಿತ್ಸೆಯನ್ನು ಕಟ್ಟಿದಾಗ ಅವರ ಕೈಯಲ್ಲಿದ್ದ ‘ಥಾಟ್’ ಎಂಬ ಇಂಗ್ಲಿಷ್ ಪದ ಹಗುರವಾದದ್ದು. ತಲೆಯಲ್ಲಿ ಹಾದುಹೋದದ್ದೆಲ್ಲ ಥಾಟೇ. ನಮ್ಮ ಪದಕ್ಕೆ ಭಾರ ಇದೆ. ಇದು ನಮ್ಮೊಬ್ಬರ ಪಾಡೂ ಅಲ್ಲ. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಎಂಬ ಮಾತಿದೆ, ಅತಿಯಾಗಿ ಯೋಚಿಸುವುದು ಎಂದು ಅರ್ಥ. ಅಲ್ಲಿ ಅದು ಕಾಯಿಲೆಯ ಹೆಸರೇ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಹರಾರೆಯ ಆರೋಗ್ಯ ಕೇಂದ್ರದ ಅಂಗಳದಲ್ಲಿ ಬೆಂಚು ಹಾಕಿ, 14 ಮಂದಿ ಅಜ್ಜಿಯರಿಗೆ ಜನರ ಕಷ್ಟ ಕೇಳುವ ತರಬೇತಿ ಕೊಟ್ಟು ಕೂರಿಸಿದಾಗ ಜನ ಬಾಯಿಬಿಡಲು ಈ ಪದವೂ ಒಂದು ಕಾರಣ. ಅಲ್ಲಿ ಯಾರೂ ‘ಡಿಪ್ರೆಶನ್’ ಎಂಬ ಬಾಗಿಲಿನಿಂದ ಒಳಗೆ ಬರಬೇಕಾಗಿರಲಿಲ್ಲ.

ಇನ್ನೊಂದು ತೊಡಕು ‘ಅನಿಸು’ ಎಂಬ ಕ್ರಿಯಾಪದದ್ದು. “ಬೇಜಾರು ಅನಿಸುತ್ತೆ” ಎಂದರೆ ಭಾವನೆ. “ಅವನು ಬರಲ್ಲ ಅನಿಸುತ್ತೆ” ಎಂದರೆ ಯೋಚನೆ. ಹಾಳೆಯಲ್ಲಿ ಇವೆರಡಕ್ಕೆ ಎರಡು ಕಾಲಂ, ಬಾಯಲ್ಲಿ ಎರಡಕ್ಕೂ ಒಂದೇ ಮಾತು. ಮೊದಲ ದಿನವೇ ಇದನ್ನು ಬಿಡಿಸಲು ಕೂತರೆ ಇಬ್ಬರಿಗೂ ಸುಸ್ತು.

ಆದರೆ ಇದೇ ಪದದಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ. ಕನ್ನಡದಲ್ಲಿ ಕೋಪವನ್ನು ನಾನು ಮಾಡಿಕೊಂಡರೂ ಅದು ನನಗೆ ‘ಬರುತ್ತದೆ’. ನನಗೆ ‘ಅನಿಸುತ್ತದೆ’. ಯೋಚನೆ ಎನ್ನುವುದು ನಾನಲ್ಲ, ನನ್ನ ಹತ್ತಿರ ಬಂದು ಹೋಗುವಂಥದ್ದು ಎಂಬ ಮಾತನ್ನು ಇಂಗ್ಲಿಷಿನಲ್ಲಿ ಕಲಿಸಲು ಎಷ್ಟೋ ಸೆಷನ್ ಹಿಡಿಯುತ್ತದೆ. ನಮ್ಮ ವ್ಯಾಕರಣ ಅದನ್ನು ಮೊದಲೇ ಕಲಿಸಿಟ್ಟಿದೆ. ನಾನು ಏಳು ಕಾಲಂ ಬಿಟ್ಟು ಬಹಳ ವರ್ಷ ಆಯಿತು. ನನ್ನ ಹಾಳೆಯಲ್ಲಿ ಇರುವುದು ಎರಡೇ: ‘ಅನಿಸಿದ್ದು’, ‘ಆದದ್ದು’. ಓದು ಬಾರದವರೂ ಈ ವ್ಯತ್ಯಾಸವನ್ನು ಒಂದೇ ಉಸಿರಿಗೆ ಹಿಡಿಯುತ್ತಾರೆ.

ಮುಂದಿನ ಸಲ ಹೀಗೆ ಕೇಳಿ ನೋಡಿ: “ಎರಡು ಗಂಟೆಗೆ ಎಚ್ಚರ ಆಯ್ತಲ್ಲ, ಆಗ ಮೊದಲು ಯಾರ ಮುಖ ಕಣ್ಣೆದುರು ಬಂತು? ಒಳಗೊಳಗೇ ಏನಂದ್ಕೊಂಡ್ರಿ?” ಉತ್ತರ ಬಂದ ಮೇಲೆ ಸುಮ್ಮನಿರಿ. ಮಾತು ಮುಂದುವರಿಸುವುದನ್ನು ಅವರಿಗೇ ಬಿಡಿ.

ಧಾರವಾಡ_ಮಳಿ · ಮಂಗಳವಾರ

ಅಕ್ಕಾರ ಹೇಳಿದ್ದು ಖರೇ ಐತ್ರಿ. ನಮ್ಮ ಕಡೆ ‘ಯೋಚನೆ’ ಬದಲಿ ‘ವಿಚಾರ’ ಅಂತಾರ. “ಭಾಳ ವಿಚಾರ ಮಾಡ್ತಾಳ್ರಿ, ಅದಕ್ಕ ಹಿಂಗಾಗೇತಿ” ಅಂತ ಮನಿಯವರ ರೋಗ ಹೇಳಿಬಿಡ್ತಾರ. “ಜೀವಕ್ಕ ಸಮಾಧಾನ ಇಲ್ಲ” ಅಂದ್ರ ಮನಸ್ಸೂ ಅದರಾಗ ಬಂತು, ಮೈನೂ ಬಂತು. ಅದನ್ನ ಎರಡು ಹೋಳು ಮಾಡಾಕ ಹೋಗಬಾರದು.

ನಾನು ಹದಿನೈದು ವರ್ಷದಿಂದ ಕೌನ್ಸೆಲಿಂಗ್ ಮಾಡಾಕತ್ತೀನಿ, ಹೆಚ್ಚಿನವರು ಹಳ್ಳಿಯಿಂದ ಬರೋರು. ಯೋಚನೆಯ ದೋಷ ಅಂತ ಪುಸ್ತಕದಾಗ ಒಂದು ಪಟ್ಟಿ ಇರ್ತೈತಲ್ಲ, ಅದನ್ನ ನಾನು ಗಾದಿಮಾತಿನಾಗ ಹೇಳ್ತೀನಿ. ಊರಾಗ ಏನ ತಪ್ಪಾದ್ರೂ ನನ್ನಿಂದನ ಆತು ಅನ್ನೋರಿಗೆ ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡವನ ಗಾದಿ. ಒಂದು ಕಡೆಯಿಂದ ಎಲ್ಲಾ ಕೆಟ್ಟದ್ದನ್ನ ಕಾಣೋರಿಗೆ ಕಾಮಾಲೆ ಕಣ್ಣು. ಇನ್ನೂ ಆಗಲಾರದ್ದಕ್ಕ ಇವತ್ತ ಅಳೋರಿಗೆ ಕೂಸು ಹುಟ್ಟೋಕ್ಕಿಂತ ಮೊದಲ ಕುಲಾವಿ. ಇಲಿ ಹೋದ್ರ ಹುಲಿ ಹೋತು ಅನ್ನೋದಂತೂ ಎಲ್ಲಾರಿಗೂ ಗೊತ್ತೈತಿ. ಗಾದಿ ಹೇಳಿದ ಕೂಡಲೆ ಅವರ ಮುಖ ಸಡಿಲಾಗ್ತೈತಿ. “ಹೌದ್ರೀ, ನಮ್ಮವ್ವನೂ ಇದನ್ನ ಅಂತಿದ್ಲು” ಅಂತಾರ. ಬುದ್ಧಿಮಾತು ನನ್ನ ಬಾಯಿಂದ ಬಂದಂಗ ಆಗೂದಿಲ್ಲ, ಅವರ ಅವ್ವನ ಬಾಯಿಂದ ಬಂದಂಗ ಆಗ್ತೈತಿ.

ಒಂದು ಎಚ್ಚರಿಕೆ ರೀ. ಗಾದಿ ಎರಡೂ ಕಡೆ ಕೊಯ್ತೈತಿ. ಒಂದು ಅಗುಳು ಹಿಚುಕಿ ನೋಡಿದ್ರ ಅನ್ನ ಬೆಂದೈತೋ ಇಲ್ಲೋ ಗೊತ್ತಾಗ್ತೈತಿ ಅಂತೀವಲ್ಲ, ಖಿನ್ನತೆಯಾಗ ಇದ್ದಾವ ಅದನ್ನ ಹಿಡ್ಕೊಂಡು ಒಂದು ಸೋಲಿಗೆ ಇಡೀ ಬದುಕ ಸೋತೇನಿ ಅಂತಾನ. ಅವನ ಗಾದಿಗೆ ಎದುರು ಗಾದಿ ಹೇಳಬ್ಯಾಡ್ರಿ, ಅದು ಪಂಚಾಯ್ತಿ ಆಗ್ತೈತಿ. “ಆ ಅಗುಳು ಪಾತ್ರಿಯ ಯಾವ ಮೂಲಿಯಿಂದ ತಗದ್ರಿ?” ಅಂತ ಕೇಳ್ರಿ, ಸಾಕು.

ಟೊರಾಂಟೊ_ತುಳಸಿ · ಮಂಗಳವಾರ

ಗ್ಯಾಸ್ ತಲೆಗೆ ಏರುವ ಮಾತು ಓದಿ ಬರೆಯಬೇಕು ಅನಿಸಿತು. ನಾನು ಕೆನಡಾದಲ್ಲಿ ಥೆರಪಿಸ್ಟ್, ಹುಟ್ಟಿ ಬೆಳೆದದ್ದು ಶಿವಮೊಗ್ಗ ಕಡೆ.

ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಲೋವೆಲ್ ಎಂಬ ಊರಿದೆ. ಪೋಲ್ ಪಾಟ್ ಕಾಲದ ಹಿಂಸೆಯಿಂದ ಪಾರಾಗಿ ಬಂದ ಕಾಂಬೋಡಿಯಾದ ಜನ ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಊರು. ಡೆವನ್ ಹಿಂಟನ್ ಎಂಬ ಮನೋವೈದ್ಯ, ಮಾನವಶಾಸ್ತ್ರ ಓದಿದವರೂ ಹೌದು, ಅಲ್ಲಿ ಅವರ ಜೊತೆ ಕೆಲಸ ಮಾಡಿದರು. ಅವರ ರೋಗಿಗಳ ದೂರು ‘ಖ್ಯಾಲ್’ ಎಂಬ ಗಾಳಿಯದು. ಮೈಯೊಳಗಿನ ಗಾಳಿ ಮೇಲೇರಿ, ಎದೆ ಒತ್ತಿ, ಕತ್ತಿನ ನಾಳ ಒಡೆದು ಸಾವು ಬರುತ್ತದೆ ಎಂಬ ಭಯ. ಕತ್ತು ಸ್ವಲ್ಪ ಹಿಡಿದರೂ, ಎದ್ದು ನಿಂತಾಗ ಒಂದು ಕ್ಷಣ ತಲೆ ಸುತ್ತಿದರೂ ಆ ಭಯ ಏಳುತ್ತದೆ, ಭಯದಿಂದ ಎದೆ ಇನ್ನೂ ಬಡಿಯುತ್ತದೆ, ಬಡಿತ ಕಂಡು ಭಯ ಇನ್ನೂ ಏರುತ್ತದೆ. ಇದು ಪ್ಯಾನಿಕ್‌ನ, ಅಂದರೆ ದಿಢೀರನೆ ಏರುವ ತೀವ್ರ ಭಯದ, ಅದೇ ಚಕ್ರ. ಆದರೆ ಚಕ್ರದ ಗುಂಬದಲ್ಲಿ ಕೂತಿರುವುದು ಹೃದಯಾಘಾತದ ಭಯವಲ್ಲ, ಗಾಳಿಯ ಭಯ. ಹಿಂಟನ್ ಗಾಳಿ ಸುಳ್ಳು ಎಂದು ವಾದಕ್ಕೆ ಇಳಿಯಲಿಲ್ಲ. ಚಕ್ರವನ್ನು ಅವರ ಮಾತಿನಲ್ಲೇ ಬಿಡಿಸಿ ತೋರಿಸಿದರು. ಮೈ ಸಡಿಲಿಸುವ ವ್ಯಾಯಾಮದ ಜೊತೆ, ಗಾಳಿಗೆ ದಂಟಿನ ಮೇಲೆ ಓಲಾಡುವ ಕಮಲದ ಹೂವನ್ನು ಮನಸ್ಸಿಗೆ ತಂದುಕೊಳ್ಳಲು ಹೇಳಿದರು.

ಆ ತಾಯಿಯ ಗ್ಯಾಸ್‌ಗೂ ಹೀಗೇ ಮರ್ಯಾದೆ ಕೊಡಿ. “ತಲೆಗೆ ಏರಿದಾಗ ಏನಾಗಿಬಿಡುತ್ತೆ ಅಂತ ಹೆದರಿಕೆ?” ಎಂದು ಕೇಳಿ. ಸಿಬಿಟಿಗೆ ಬೇಕಾದ ಯೋಚನೆ ಅಲ್ಲೇ ಇರುತ್ತದೆ.

ಇಲ್ಲಿನ ಒಂದು ಅನುಭವವನ್ನೂ ಸೇರಿಸುತ್ತೇನೆ. ಊರಿಂದ ಮಗನ ಮನೆಗೆ ಬಂದ ಅತ್ತೆಯನ್ನು ವೈದ್ಯರ ಬಳಿ ಕರೆದೊಯ್ದಾಗ ಮಾತು ದಾಟಿಸುವುದು ಸಾಮಾನ್ಯವಾಗಿ ಸೊಸೆ. ಅತ್ತೆ ಕನ್ನಡದಲ್ಲಿ ಹತ್ತು ವಾಕ್ಯ ಹೇಳಿ ಅತ್ತದ್ದು ಇಂಗ್ಲಿಷಿನಲ್ಲಿ “ಊರು ನೆನಪಾಗ್ತಿದೆಯಂತೆ” ಎಂಬ ಒಂದು ವಾಕ್ಯವಾದದ್ದನ್ನು ಕಂಡಿದ್ದೇನೆ. ಸೊಸೆಯ ತಪ್ಪಲ್ಲ ಅದು. ಆ ಹತ್ತರಲ್ಲಿ ಐದು ಅವಳ ಬಗ್ಗೆಯೇ ಇದ್ದವು. ಮನೆಯವರನ್ನು ದುಭಾಷಿ ಮಾಡಬಾರದು ಎಂಬ ನಿಯಮವನ್ನು ನಾನು ಆವತ್ತಿನಿಂದ ಬಿಟ್ಟಿಲ್ಲ.

ನೀಲಿಶಾಲು · ಮಂಗಳವಾರ ರಾತ್ರಿ

ಗಾದೆ, ಭಾಷೆ ಎಲ್ಲ ಬೇಕು. ಆದರೆ ಸಂಸ್ಕೃತಿ ಎಂದರೆ ಅಷ್ಟೇ ಅನ್ನುವ ಹಾಗೆ ಈ ಚರ್ಚೆ ಸಾಗಬಾರದು. ನಾನು ಈಗ ಸಮಾಜಕಾರ್ಯದಲ್ಲಿದ್ದೇನೆ. ಇದು ಪದವಿ ಓದುವಾಗಿನ ಮಾತು.

ಹಾಸ್ಟೆಲಿನಲ್ಲಿ ನಾನು ತಟ್ಟೆ ಹಿಡಿದು ಹೋಗಿ ಕೂತರೆ ಪಕ್ಕದ ಇಬ್ಬರು ಎದ್ದು ಬೇರೆ ಸಾಲಿಗೆ ಹೋಗುತ್ತಿದ್ದರು. ದಿನಾ. ಊಟ ಬಿಟ್ಟೆ, ನಿದ್ದೆ ಬಿಟ್ಟಿತು, ಕ್ಲಾಸಿಗೆ ಹೋಗುವುದು ನಿಂತಿತು. ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ನನ್ನ ಮಾತು ಕೇಳಿ ಅವರು ಹೇಳಿದ್ದು, “ನೀನು ಬೇರೆಯವರ ಮನಸ್ಸನ್ನು ಓದುತ್ತಿದ್ದೀಯ. ಇದು ಯೋಚನೆಯ ದೋಷ. ಅವರಿಗೆ ಊಟ ಮುಗಿದಿರಬಹುದಲ್ಲ?” ಹಾಳೆ ಕೊಟ್ಟು ಬೇರೆ ಐದು ಕಾರಣ ಬರೆದು ತಾ ಎಂದರು. ನಾನು ಐದು ಬರೆದೆ. ಬರೆದು ಕೊಟ್ಟ ಮೇಲೆ ಅವರು ಖುಷಿಪಟ್ಟರು. ನಾನು ಮತ್ತೆ ಆ ಕಡೆ ಹೋಗಲಿಲ್ಲ. ಆ ಐದು ಕಾರಣ ಬರೆಯುವಾಗ ಆದ ನೋವು ತಟ್ಟೆ ಹಿಡಿದು ನಿಂತಾಗಲೂ ಆಗಿರಲಿಲ್ಲ.

ಎರಡು ವರ್ಷ ಬಿಟ್ಟು ಇನ್ನೊಬ್ಬರು ಸಿಕ್ಕರು. ಅವರೂ ಸಿಬಿಟಿಯೇ ಮಾಡಿದ್ದು. ಅವರು ಮೊದಲು ಹೇಳಿದ್ದು, “ಅವರು ಎದ್ದು ಹೋದದ್ದು ನಿಜ. ಯಾಕೆ ಹೋದರೋ ಅದೂ ನಿಜ. ಅದರ ಮೇಲೆ ನಾನು ನಿಮ್ಮ ಹತ್ತಿರ ಸಾಕ್ಷಿ ಕೇಳಲ್ಲ.” ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಅವರು ಎದ್ದು ಹೋದರು ಅನ್ನೋದರಿಂದ ನೀವು ನಿಮ್ಮ ಬಗ್ಗೆ ಏನು ತೀರ್ಮಾನ ಮಾಡಿಕೊಂಡ್ರಿ?” ನಾನು ಹೇಳಿದೆ, ಈ ಜಾಗ ನನ್ನದಲ್ಲ, ನಾನು ಓದೋಕೆ ಬರಬಾರದಿತ್ತು ಅಂತ. ನಾವು ಕೆಲಸ ಮಾಡಿದ್ದು ಆ ತೀರ್ಮಾನದ ಮೇಲೆ. ಅವರ ಮನೆ ಕಲಿಸಿದ್ದು ಅವರ ಹತ್ತಿರ ಇರಲಿ, ಅದರ ತೀರ್ಪನ್ನು ನಾನ್ಯಾಕೆ ನನ್ನ ಮೇಲೆ ಬರೆದುಕೊಂಡೆ ಎನ್ನುವುದರ ಮೇಲೆ. ಜೊತೆಗೆ ಹೊರಗಿನ ಕೆಲಸವನ್ನೂ ಸೆಷನ್ನಿನಲ್ಲೇ ಕೂತು ಯೋಜಿಸಿದೆವು. ಯಾರ ಜೊತೆ ಊಟಕ್ಕೆ ಕೂರಬಹುದು, ದೂರನ್ನು ಹೇಗೆ ಬರೆಯಬೇಕು, 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಏನು ಹೇಳುತ್ತದೆ, ಎಲ್ಲ.

ಪಮೇಲಾ ಹೇಸ್ ಎಂಬ ಮನಶ್ಶಾಸ್ತ್ರಜ್ಞೆ ಬೇರೆ ಬೇರೆ ಹಿನ್ನೆಲೆಯವರ ಜೊತೆ ಸಿಬಿಟಿ ಮಾಡುವ ಬಗ್ಗೆ ಬಹಳ ಬರೆದಿದ್ದಾರೆ. ಯಾವುದು ಹೊರಗಿನ ಕಷ್ಟ, ಯಾವುದು ಒಳಗಿನ ಯೋಚನೆ ಎಂದು ಮೊದಲೇ ಬೇರ್ಪಡಿಸಿ, ಅನ್ಯಾಯ ಆಗಿದೆ ಎಂಬ ಮಾತನ್ನು ಪ್ರಶ್ನೆಗೆ ಒಡ್ಡಬೇಡಿ ಎನ್ನುವುದು ಅವರ ಒತ್ತಾಯ. ಅಕ್ಕ ಹೇಳಿದ ‘ಅನಿಸಿದ್ದು, ಆದದ್ದು’ ನನಗೂ ಇಷ್ಟ ಆಯಿತು. ನಮ್ಮಂಥವರ ವಿಷಯದಲ್ಲಿ ಮಾತ್ರ ‘ಆದದ್ದು’ ಎಂಬ ಕಾಲಂ ಅನ್ನು ಮೊದಲು ತುಂಬಿಸಿ. ಅದನ್ನು ನಂಬಿ. ಆಮೇಲೆ ಇನ್ನೊಂದಕ್ಕೆ ಬನ್ನಿ.

ಹಳೇಬೀದಿ_ಅಕ್ಕ · ಮಂಗಳವಾರ ರಾತ್ರಿ

ನೀಲಿಶಾಲು, ನೀವು ಹೇಳಿದ್ದನ್ನು ಎರಡು ಸಲ ಓದಿದೆ. ನಾನು ಆ ಕಾಲಂಗಳನ್ನು ಇನ್ನು ಮುಂದೆ ನೀವು ಹೇಳಿದ ಕ್ರಮದಲ್ಲೇ ಹಾಕುತ್ತೇನೆ. ಇದನ್ನು ಬರೆದದ್ದಕ್ಕೆ ಋಣಿ.

ಕಾಫಿತೋಟ_78 · ಬುಧವಾರ

ಥೆರಪಿಸ್ಟ್ ಅಲ್ಲ ನಾನು, ಥೆರಪಿಗೆ ಹೋದವನು. ಮೂಡಿಗೆರೆ ಕಡೆಯವನು, ಕೆಲಸ ಬೆಂಗಳೂರಲ್ಲಿ.

ಅಪ್ಪ ತೋಟ ನೋಡ್ಕೋ ಬಾ ಅಂತ ದಿನಾ ಫೋನ್ ಮಾಡ್ತಿದ್ರು. ಫೋನ್ ಬಂದ್ರೆ ಕೈ ನಡುಗೋದು. ಮೊದಲು ಹೋದ ಥೆರಪಿಸ್ಟ್ ಒಳ್ಳೆಯವರೇ, ಸೆಷನ್ ಎಲ್ಲ ಇಂಗ್ಲಿಷಲ್ಲಿ. ಗಡಿ ಹಾಕಿಕೊಳ್ಳಿ, ಆಗಲ್ಲ ಅಂತ ನೇರವಾಗಿ ಹೇಳಿ ಅಂತ ಅಭ್ಯಾಸ ಮಾಡಿಸಿದ್ರು. ಆ ರೂಮಲ್ಲಿ ಇಂಗ್ಲಿಷಲ್ಲಿ ಸಲೀಸಾಗಿ ಹೇಳ್ತಿದ್ದೆ. ಅದನ್ನೇ ಕನ್ನಡದಲ್ಲಿ ಅಪ್ಪನಿಗೆ ಹೇಳೋಕೆ ಹೋದ್ರೆ ನನ್ನ ಕಿವಿಗೇ ಎದುರುತ್ತರ ಅನಿಸೋದು. ಹೇಳಿದೆ ಒಂದಿನ. ಅಪ್ಪ ಮೂರು ತಿಂಗಳು ಮಾತು ಬಿಟ್ರು, ಅಮ್ಮ ಊಟ ಬಿಟ್ರು. ನಾನು ಥೆರಪಿ ಬಿಟ್ಟೆ.

ಈಗಿನ ಥೆರಪಿಸ್ಟ್ ಮೊದಲು ಕೇಳಿದ್ದು, “ನಿಮ್ಮನೇಲಿ ಅಪ್ಪನ ಹತ್ರ ಕಷ್ಟದ ಮಾತು ಇದ್ರೆ ಯಾರು ಹೇಳ್ತಾರೆ? ಯಾವ ಹೊತ್ತಲ್ಲಿ?” ಅಂತ. ನಮ್ಮನೇಲಿ ಅದು ಚಿಕ್ಕಪ್ಪ. ಸಂಜೆ ಕಾಫಿ ಆದ ಮೇಲೆ. ಹಾಗೇ ಮಾಡಿದ್ವಿ. ಚಿಕ್ಕಪ್ಪನಿಗೆ ಏನು ಹೇಳಬೇಕು ಅನ್ನೋದನ್ನ ಸೆಷನ್ನಲ್ಲಿ ಕನ್ನಡದಲ್ಲೇ ನಾಲ್ಕು ಸಲ ಆಡಿ ನೋಡಿದ್ವಿ. ನನ್ನ ಮಾತು ಅಪ್ಪನನ್ನ ತಲುಪಿತು. ತೋಟಕ್ಕೆ ತಿಂಗಳಿಗೆ ಒಂದು ಸಲ ಹೋಗ್ತೀನಿ, ಕೊಯ್ಲಿನ ಹೊತ್ತಲ್ಲಿ ಎರಡು ವಾರ ರಜೆ ಹಾಕ್ತೀನಿ ಅಂತ ಒಪ್ಪಂದ ಆಯ್ತು. ಕೈ ನಡುಗೋದು ಈಗ ಬಹಳ ಕಡಿಮೆ.

ಇದನ್ನ ಕೆಲವರು ತಪ್ಪಿಸಿಕೊಳ್ಳೋದು ಅಂತಾರೆ. ನನಗೆ ಹಾಗೆ ಕಾಣಲ್ಲ. ಹೇಳಬೇಕಾದ್ದನ್ನ ಪೂರ್ತಿ ಹೇಳಿದೀನಿ. ನಮ್ಮ ಮನೆಯ ದಾರಿಯಲ್ಲಿ ಹೇಳಿದೆ.

ತುಂಗಾತೀರ · ಬುಧವಾರ

ಎಲ್ಲರೂ ಹೊಂದಿಸಿಕೊಳ್ಳುವ ಪರವಾಗಿಯೇ ಬರೆಯುತ್ತಿದ್ದೀರಿ. ಇನ್ನೊಂದು ಬದಿಯನ್ನು ನಾನು ಹೇಳಲೇಬೇಕು, ನಮ್ಮ ಮನೆಯಲ್ಲಿ ಅನುಭವಿಸಿದ್ದೇವೆ.

ನಮ್ಮ ಅಮ್ಮನಿಗೆ ತೊಳೆಯುವ ಗೀಳು, ಅಂದರೆ ಒಸಿಡಿ. ಬೆಳಿಗ್ಗೆ ಸ್ನಾನಕ್ಕೆ ಹೋದರೆ ಮೂರು ಗಂಟೆ. ಒಗೆದ ಸೀರೆಗೆ ಗಾಳಿಯಲ್ಲಿ ಏನೋ ತಾಗಿತು ಎಂದು ಮತ್ತೆ ಒಗೆಯುವುದು. ಕೈ ಬಿಳಿಚಿ ಚರ್ಮ ಸುಲಿದಿತ್ತು. ಹತ್ತು ವರ್ಷ ಎಲ್ಲರೂ ಅದನ್ನು ಮಡಿ ಎಂದರು. ಬಂಧುಗಳು ಹೊಗಳಿದರು ಕೂಡ. ಕೊನೆಗೆ ಹೋದ ಮೊದಲ ಕಡೆ, ಅವರ ಆಚಾರಕ್ಕೆ ನಾವು ಕೈ ಹಾಕಬಾರದು ಎಂದು ಬರೀ ಉಸಿರಾಟದ ಅಭ್ಯಾಸ ಕೊಟ್ಟು ಕಳಿಸಿದರು. ಗೌರವದಿಂದಲೇ ಹಾಗೆ ಮಾಡಿದ್ದು, ಅಮ್ಮನಿಗೆ ಮಾತ್ರ ಇನ್ನೂ ಒಂದು ವರ್ಷ ಹೋಯಿತು. ಒಸಿಡಿಗೆ ಮಾತಿನ ಚಿಕಿತ್ಸೆಯಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಹೆದರಿಕೆಗೆ ಎದುರು ನಿಂತು ತೊಳೆಯದೆ ಉಳಿಯುವ ಅಭ್ಯಾಸ. ಅದನ್ನು ಬಿಟ್ಟು ಬರೀ ಉಸಿರಾಟ ಕೊಟ್ಟರೆ ಚಿಕಿತ್ಸೆ ಕೊಟ್ಟಂತಲ್ಲ.

ಎರಡನೇ ಕಡೆಯ ಡಾಕ್ಟರು ಅಮ್ಮನನ್ನು ಕೇಳಿದರು: “ನಿಮಗೆ ಗೊತ್ತಿರುವವರಲ್ಲಿ ಅತ್ಯಂತ ಕಟ್ಟುನಿಟ್ಟಾಗಿ ಮಡಿ ಮಾಡುವವರು ಯಾರು?” ಅಮ್ಮ ದೊಡ್ಡಮ್ಮನ ಹೆಸರು ಹೇಳಿದರು. ದೊಡ್ಡಮ್ಮನನ್ನೇ ಕರೆಸಿದರು. ಅವರ ಸ್ನಾನ ಹದಿನೈದು ನಿಮಿಷ. ಮಡಿ ಸೀರೆ ಒಂದು ಸಲ ಹಿಂಡಿ ಹರವಿದರೆ ಮುಗಿಯಿತು. ಸಂಶಯ ಬಂದರೆ ಏನು ಮಾಡುತ್ತೀರಿ ಎಂದು ಡಾಕ್ಟರು ಕೇಳಿದಾಗ ದೊಡ್ಡಮ್ಮ, “ದೇವರ ಹೆಸರು ಹೇಳಿ ಮುಂದೆ ಹೋಗ್ತೀನಿ. ಮಡಿ ಇರೋದು ಪೂಜೆಗೆ ಅಲ್ವಾ, ಪೂಜೆ ಮಾಡೋಕೇ ಹೊತ್ತಿಲ್ಲ ಅಂದ್ರೆ ಮಡಿ ಯಾಕೆ?” ಅಂದರು. ಅಮ್ಮ ಅವತ್ತು ಅತ್ತುಬಿಟ್ಟರು. ಅವರು ದೇವರ ಮುಂದೆ ಕೂತು ಮೂರು ವರ್ಷ ಆಗಿತ್ತು.

ಅಲ್ಲಿಂದ ಮುಂದಿನದು ಸುಲಭವಿರಲಿಲ್ಲ. ಮೂರು ಗಂಟೆಯಿಂದ ಎರಡೂವರೆ, ಎರಡು, ಒಂದು. ಪ್ರತಿ ಮೆಟ್ಟಿಲಿಗೂ ಅಮ್ಮ ಬೆವರುತ್ತಿದ್ದರು. ಗುರಿ ಮಡಿ ಬಿಡಿಸುವುದಾಗಿರಲಿಲ್ಲ, ದೊಡ್ಡಮ್ಮನ ಮಡಿಗೆ ತರುವುದಾಗಿತ್ತು. ಚಿಕಿತ್ಸೆಯ ಕಹಿ ಒಂದು ಹನಿಯೂ ಕಡಿಮೆ ಆಗಲಿಲ್ಲ, ಕುಡಿಸಿದ ಲೋಟ ಮಾತ್ರ ನಮ್ಮ ಮನೆಯದು.

ಕರಾವಳಿ_ಸಿಸ್ಟರ್ · ಬುಧವಾರ ರಾತ್ರಿ

ಮಾರಾಯ್ರೆ, ಎಲ್ಲರದ್ದೂ ಓದಿದೆ. ನಾನು ನರ್ಸ್, ಆಶಾ ಕಾರ್ಯಕರ್ತೆಯರಿಗೆ ಬಾಣಂತಿಯರ ಮನಸ್ಸಿನ ಆರೋಗ್ಯದ ಬಗ್ಗೆ ಹೇಳಿಕೊಡ್ತೇನೆ. ನಮ್ಮಲ್ಲಿ ‘ಮಂಡೆಬಿಸಿ’ ಅಂದ್ರೆ ಎಲ್ಲವೂ ಅದ್ರಲ್ಲಿ ಉಂಟು.

ಪಾಕಿಸ್ತಾನದ ರಾವಲ್ಪಿಂಡಿ ಹತ್ತಿರದ ಹಳ್ಳಿಗಳಲ್ಲಿ ಅತಿಫ್ ರಹಮಾನ್ ಮತ್ತು ಅವರ ಜೊತೆಯವರು ಮಾಡಿದ್ದನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳ್ತೇನೆ. ಗರ್ಭಿಣಿಯರ ಖಿನ್ನತೆಗೆ ಅಲ್ಲಿನ ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರೇ ಸಿಬಿಟಿಯ ಸರಳ ರೂಪ ಕೊಟ್ಟದ್ದು. ಅವರು ಮನೆಗೆ ಹೋಗಿ ನಿಮ್ಮ ಸೊಸೆಗೆ ಮಾನಸಿಕ ಕಾಯಿಲೆ ಅಂತ ಹೇಳ್ಲಿಲ್ಲ. ಮಗು ಚೆನ್ನಾಗಿ ಬೆಳೆಯಬೇಕು, ಅದಕ್ಕೆ ತಾಯಿ ಚೆನ್ನಾಗಿರಬೇಕು ಅಂತ ಶುರು ಮಾಡಿದ್ರು. ಅದಕ್ಕೆ ಅತ್ತೆಯೂ ಬೇಡ ಅನ್ನುವುದಿಲ್ಲ, ಗಂಡನೂ ಅನ್ನುವುದಿಲ್ಲ. ಓದಲು ಬಾರದವರಿಗೆ ಚಿತ್ರ ತೋರಿಸಿ ಹೇಳಿದ್ದು. 2008ರಲ್ಲಿ ಫಲಿತಾಂಶ ಬಂತು: ಹೆರಿಗೆಯಾಗಿ ಆರು ತಿಂಗಳಿಗೆ, ಈ ಸಹಾಯ ಸಿಕ್ಕಿದವರಲ್ಲಿ 23 ಶೇಕಡಾ ಮಂದಿಗೆ ಖಿನ್ನತೆ ಉಳಿದಿತ್ತು, ಬರೀ ಮಾಮೂಲಿ ಭೇಟಿ ಸಿಕ್ಕಿದವರಲ್ಲಿ 53 ಶೇಕಡಾ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯೇ ಅದರ ಕೈಪಿಡಿ ತಂದಿತು.

ನಮ್ಮ ಪಕ್ಕದ ಗೋವಾದಲ್ಲಿ ಸಂಗಾತ್ ಸಂಸ್ಥೆಯವರು, ವಿಕ್ರಮ್ ಪಟೇಲರ ತಂಡ, ಇನ್ನೂ ಒಂದು ಹೆಜ್ಜೆ ಇಳಿಸಿದ್ರು. ಯೋಚನೆಯ ಗೋಜಿಗೆ ಹೆಚ್ಚು ಹೋಗದೆ, ಬಿಟ್ಟುಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಕೈಗೆತ್ತಿಕೊಳ್ಳುವ ಹಾಗೆ ಮಾಡುವುದು. ಕೊಟ್ಟವರು ಮನಶ್ಶಾಸ್ತ್ರ ಓದಿದವರಲ್ಲ, ತರಬೇತಿ ಪಡೆದ ಸ್ಥಳೀಯರು. ಆರರಿಂದ ಎಂಟು ಸೆಷನ್, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. 2017ರಲ್ಲಿ ಅದೂ ಫಲ ಕೊಟ್ಟದ್ದು ಪ್ರಕಟವಾಯ್ತು.

ರಾಗಿಹೊಲ, ನಿಮ್ಮ ಅಮ್ಮ ಏನೇನು ಕೆಲಸ ಬಿಟ್ಟಿದ್ದಾರೆ ಅಂತ ಕೇಳಿ. ಅದ್ರಲ್ಲಿ ಸಣ್ಣದು ಯಾವುದು ಅಂತ ಕೇಳಿ. ಮತ್ತೆ ಆ ಮೊಮ್ಮಗಳು ಬರೆದದ್ದನ್ನು ನೀವು ಸೋಲು ಅಂತ ತಿಳ್ಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಮನೆಯಲ್ಲಿ ಒಂದು ಮಗು ಅಜ್ಜಿಯ ಪಕ್ಕ ಕೂತು ನಾಲ್ಕು ಸಂಜೆ ಬರೆದಿದೆ. ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೆ ಸಹಾಯಕಿ ಯಾರಿದ್ದಾರೆ?

ರಾತ್ರಿ ಎಚ್ಚರವಾದಾಗ ಬದುಕೇ ಬೇಡ ಅನಿಸುತ್ತದಾ ಅಂತಲೂ ನೇರ ಕೇಳಿ, ನಾಚಿಕೆ ಮಾಡ್ಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಮನೆಯವರಿಗೆ ಬರೆದು ಕೊಡಿ. ಕನ್ನಡದಲ್ಲೂ ಮಾತಾಡ್ತಾರೆ.

ಧಾರವಾಡ_ಮಳಿ · ಗುರುವಾರ

ಸಿಸ್ಟರ್ ಮಾತಿಗೆ ಒಂದು ಜೋಡಿಸ್ತೀನ್ರಿ. ಮನಿಯವರನ್ನ ಹೊರಗ ಕೂಡಿಸಿ ಒಬ್ಬರನ್ನ ಒಳಗ ಕರಿಯೋದು ನಮ್ಮ ಪದ್ಧತಿ ಅಲ್ಲ. ಅಮೃತಸರದ ಮಾನಸಿಕ ಆಸ್ಪತ್ರ್ಯಾಗ ಡಾಕ್ಟರ್ ವಿದ್ಯಾಸಾಗರ್ 1950ರ ದಶಕದಾಗನ ಆಸ್ಪತ್ರಿ ಅಂಗಳದಾಗ ಡೇರೆ ಹಾಕಿಸಿ ರೋಗಿಗಳ ಮನಿಯವರನ್ನ ಜೋಡಿ ಇಟ್ಟಕೊಂಡಿದ್ರು. ಆದ್ರ ಪ್ರತಿ ಸೆಷನ್ನಿನಾಗ ಹತ್ತು ನಿಮಿಷ ಆದ್ರೂ ಆ ಹೆಣಮಗಳು ಒಬ್ಬಾಕಿನ ನಿಮ್ಮ ಜೋಡಿ ಕುಂದರಬೇಕು. ಮನಿ ಅನ್ನೋದು ಔಷಧಾನೂ ಹೌದು, ಒಮ್ಮೊಮ್ಮೆ ಗಾಯಾನೂ ಹೌದು.

ರಾಗಿಹೊಲ · ಮೂರು ವಾರದ ನಂತರ, ಶುಕ್ರವಾರ

ಎಲ್ಲರಿಗೂ ಹೇಳಬೇಕು ಅಂತ ಕಾಯ್ತಿದ್ದೆ.

ಅಕ್ಕ ಹೇಳಿದ ಹಾಗೇ ಕೇಳಿದೆ. ಎರಡು ಗಂಟೆಗೆ ಎಚ್ಚರ ಆದಾಗ ಮೊದಲು ಏನು ಕಣ್ಣೆದುರು ಬರುತ್ತೆ ಅಂತ. ಬಹಳ ಹೊತ್ತು ಸುಮ್ಮನಿದ್ರು. ನಾನೂ ಸುಮ್ಮನಿದ್ದೆ. ಆಮೇಲೆ, “ಹುಳ” ಅಂದ್ರು.

ಹೋದ ವರ್ಷ ಒಂದು ಬೆಳೆ ಪೂರ್ತಿ ಹೋಗಿದೆ. ನಾಲ್ಕನೇ ಜ್ವರದಿಂದ (ಹುಳ ಪೊರೆ ಬಿಡುವಾಗ ಸುಮ್ಮನೆ ಕೂರೋದಕ್ಕೆ ಜ್ವರ ಅಂತಾರೆ) ಎದ್ದ ಹುಳ, ಇನ್ನೇನು ಹಣ್ಣಾಗಿ ಗೂಡು ಕಟ್ಟಿಸುವ ಚಂದ್ರಿಕೆಗೆ ಹಾಕಬೇಕು, ಅಷ್ಟರಲ್ಲಿ ಸುಣ್ಣಕಟ್ಟು ರೋಗ ಬಂದು ಬಿಳಿ ಕಡ್ಡಿಯ ಹಾಗೆ ಗಟ್ಟಿಯಾಗಿ ಬಿದ್ದಿವೆ. ಮೂವತ್ತು ವರ್ಷದಿಂದ ಊರಲ್ಲಿ ಅವರ ಕೈಗುಣದ ಹೆಸರಿತ್ತು. ಬೇರೆಯವರು ಮೊದಲ ಸೊಪ್ಪು ಹಾಕಿಸೋಕೆ ಇವರನ್ನ ಕರೀತಿದ್ರಂತೆ. “ನನ್ನ ಕೈ ಸುಟ್ಟೋಯ್ತು ಕಣವ್ವ. ನಾನು ಮುಟ್ಟಿದ್ದು ಉಳಿಯಲ್ಲ.” ಅದಾದ ಮೇಲೆ ಹುಳದ ಮನೆಗೆ ಕಾಲಿಟ್ಟಿಲ್ಲ. ಹೊಸದಾಗಿ ಬಂದ ಸೊಸೆಯೇ ಎಲ್ಲ ಮಾಡ್ತಾಳೆ. ಬಾಣಂತಿ ಮಗಳ ಕೂಸನ್ನೂ ಎತ್ತಿಕೊಂಡಿಲ್ಲ ಇವರು. ಅದನ್ನ ಹೇಳುವಾಗ ಧ್ವನಿಯೇ ಬರಲಿಲ್ಲ. ಬದುಕೇ ಬೇಡ ಅನಿಸುತ್ತಾ ಅಂತ ಸಿಸ್ಟರ್ ಹೇಳಿದ ಹಾಗೆ ನೇರವಾಗಿ ಕೇಳಿದೆ. ಹಾಗೇನಿಲ್ಲ, ಕೂಸಿಗೆ ಏನಾದ್ರೂ ಆದ್ರೆ ಅನ್ನೋ ಭಯ ಅಂದ್ರು. ಗ್ಯಾಸ್ ತಲೆಗೆ ಏರಿದ್ರೆ ಕೈ ಸ್ವಾಧೀನ ತಪ್ಪಿ ಕೂಸು ಬಿದ್ದುಹೋಗುತ್ತೆ ಅನ್ನೋದೂ ಅದರ ಜೊತೆಗೇ ಬಂತು.

‘ಆದದ್ದು’ ಅನ್ನೋದನ್ನ ಮೊದಲು ತುಂಬಿಸಿದೆ. ಹುಳ ಸತ್ತಿದ್ದು ನಿಜ. ಸಾಲ ಆಗಿದ್ದು ನಿಜ. ಅದನ್ನ ನಾನು ಚಿಕ್ಕದು ಮಾಡಲಿಲ್ಲ. ಆಮೇಲೆ ಸುಣ್ಣಕಟ್ಟು ಹೇಗೆ ಬರುತ್ತೆ ಅಂತ ನನಗೆ ಹೇಳಿಕೊಡಿ ಅಂದೆ, ನನಗೆ ನಿಜವಾಗಿ ಗೊತ್ತಿರಲಿಲ್ಲ. ಅವರು ಮೊದಲ ಸಲ ನೆಟ್ಟಗೆ ಕೂತು ಮಾತಾಡಿದ್ರು. ಮಳೆ ಹಿಡಿದು ಥಂಡಿ ಆದ್ರೆ, ಮನೆಯಲ್ಲಿ ತೇವ ನಿಂತ್ರೆ ಬರುತ್ತೆ. ಹಾಸಿಗೆ ಒಣಗಿರಬೇಕು, ಸುಣ್ಣ ಎರಚಬೇಕು. ಆ ವಾರ ಬಿಡದೆ ಮಳೆ ಇತ್ತು. ಅದೇ ಬೀದೀಲಿ ಇನ್ನೂ ಎರಡು ಮನೆಯಲ್ಲಿ ಹೋಯ್ತು. ಹೇಳ್ತಾ ಹೇಳ್ತಾ ಅವರೇ ನಿಲ್ಲಿಸಿದ್ರು. “ಅವರ ಕೈನೂ ಸುಟ್ಟಿತ್ತಾ ಅಂತೀಯಾ?” ಅಂತ ನನ್ನನ್ನೇ ಕೇಳಿದ್ರು. ನಾನು ಏನೂ ಅಂದಿರಲಿಲ್ಲ.

ಬರೆಯೋ ಹಾಳೆ ಈಗ ಇಲ್ಲ. ಒಂದು ಡಬ್ಬ, ಒಂದು ಹಿಡಿ ಹುಣಸೆ ಬೀಜ. ‘ನನ್ನ ಕೈ ಸರಿಯಿಲ್ಲ’ ಅಂತ ಅನಿಸಿದಾಗೆಲ್ಲ ಒಂದು ಬೀಜ ಡಬ್ಬಕ್ಕೆ. ಸಂಜೆ ಮೊಮ್ಮಗಳು ಎಣಿಸಿ ಕ್ಯಾಲೆಂಡರಿನಲ್ಲಿ ಬರೀತಾಳೆ. ಬೀಜ ಕಡಿಮೆ ಆಗಬೇಕು ಅಂತ ನಾನು ಹೇಳಿಲ್ಲ. ಅನಿಸಿದ್ದನ್ನ ಗುರುತು ಹಿಡಿದ್ರೆ ಸಾಕು ಅಂದಿದೀನಿ.

ಬಿಟ್ಟ ಕೆಲಸ ಮತ್ತೆ ಶುರು ಮಾಡೋದನ್ನ ಅವರಿಗೆ ಹೇಗೆ ವಿವರಿಸೋದು ಅಂತ ರಾತ್ರಿಯೆಲ್ಲ ಯೋಚಿಸಿಕೊಂಡು ಹೋಗಿದ್ದೆ. ಬೇಕಾಗಲಿಲ್ಲ. ಅವರೇ ಅಂದ್ರು: “ಹುಳ ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟಲ್ಲ, ತಲೆ ಎತ್ಕೊಂಡು ಸತ್ತಂಗೆ ಇರ್ತದೆ. ಗೊತ್ತಿಲ್ದೋರು ಸತ್ತೇ ಹೋಯ್ತು ಅಂತಾರೆ. ನಾನೂ ಹಂಗೇ ಕೂತಿದೀನಿ ಅನ್ಸುತ್ತೆ.” ಜ್ವರದಿಂದ ಎದ್ದ ಹುಳಕ್ಕೆ ಏನು ಮಾಡ್ತೀರಿ ಅಂತ ಕೇಳಿದೆ. “ಎಲ್ಲಾ ಏಳೋಗಂಟ ಕಾಯ್ಬೇಕು. ಎದ್ಮೇಲೆ ಎಳೆ ಸೊಪ್ಪು, ಒಸಿ ಒಸಿ” ಅಂದ್ರು. ಆ ವಾರದ ಎಳೆ ಸೊಪ್ಪು ಅಂತ ನಾವು ಆರಿಸಿದ್ದು ಕೂಸನ್ನ ನೆಲದ ಮೇಲೆ ಚಾಪೆಯಲ್ಲಿ ಕೂತು ತೊಡೆ ಮೇಲೆ ಮಲಗಿಸಿಕೊಳ್ಳೋದು. ನೆಲದ ಮೇಲೆ ಕೂತರೆ ಬೀಳೋಕೆ ಜಾಗ ಇಲ್ಲ ಅನ್ನೋದು ಅವರದೇ ಲೆಕ್ಕ.

ನಿದ್ದೆ ಇನ್ನೂ ಎರಡು ಗಂಟೆಗೇ ಒಡೆಯುತ್ತೆ. ಮಾತ್ರೆ ನಡೀತಿದೆ. ಮೊದಲ ವಾರ ಡಬ್ಬದಲ್ಲಿ ಮೂವತ್ತೊಂದು ಬೀಜ ಇತ್ತು, ಈ ವಾರ ಇಪ್ಪತ್ತಾರು. ಮೊನ್ನೆ ಮನೆಗೆ ಹೊಸ ಚಾಕಿ, ಅಂದ್ರೆ ಮರಿ ಹುಳ, ಬಂದಿದೆಯಂತೆ. ಬಾಗಿಲ ಹತ್ರ ನಿಂತು ನೋಡಿದ್ರಂತೆ, ಒಳಗೆ ಹೋಗಿಲ್ಲ.

ಮುಂದಿನ ವಾರ ಸೊಸೆಯನ್ನೂ ಕರ್ಕೊಂಡು ಬರ್ತೀನಿ ಅಂದಿದಾರೆ. ಮೊದಲು ಯಾರ ಜೊತೆ ಮಾತಾಡ್ಲಿ ಅಂತ ಗೊತ್ತಾಗ್ತಿಲ್ಲ.

ಹಳೇಬೀದಿ_ಅಕ್ಕ · ಶುಕ್ರವಾರ ರಾತ್ರಿ

ಇಬ್ಬರೂ ಬಂದು ಕೂತ ಮೇಲೆ ಆ ತಾಯಿಯನ್ನೇ ಕೇಳಿ. ಸೊಪ್ಪು ಯಾವಾಗ ಹಾಕಬೇಕು ಅಂತ ಅವರಿಗೆ ಗೊತ್ತಿದೆ.